ಎಳೆತಕ್ಕೆ ಕಟ್ಟಿದ ಇಂಜಿನ್

88.9 ಮತ್ತು 101.6. ಮಹೀಂದ್ರಾದ ಹಳೆಯ 2523 ಸಿಸಿ ಡೀಸೆಲ್ ಇಂಜಿನ್‌ನ ಬೋರ್ ಮತ್ತು ಸ್ಟ್ರೋಕ್ ಇವು, ಮಿಲಿಮೀಟರ್ ಲೆಕ್ಕದಲ್ಲಿ. ಪಿಸ್ಟನ್ ಓಡಾಡುವ ಸಿಲಿಂಡರಿನ ಅಗಲ ಬೋರ್, ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ ಸ್ಟ್ರೋಕ್. ಇಷ್ಟು ಸೊಟ್ಟ ಸಂಖ್ಯೆಗಳನ್ನು ಯಾರು ಯಾಕೆ ಇಟ್ಟರು ಅನ್ನಿಸಬಹುದು. ಅಂಗುಲಕ್ಕೆ ತಿರುಗಿಸಿ ನೋಡಿ: ಮೂರೂವರೆ ಮತ್ತು ನಾಲ್ಕು. ಸೊಟ್ಟ ಹೋಗಿ ನೆಟ್ಟಗಾಯಿತು, ಅಲ್ವಾ? ಜೊತೆಗೆ ಇಂಜಿನ್‌ನ ತವರೂ ಗೊತ್ತಾಯಿತು. ಇಂಗ್ಲೆಂಡಿನ ಡಾಂಕಾಸ್ಟರ್‌ನಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಟ್ರ್ಯಾಕ್ಟರಿಗೆ ಅಂತ ಮಾಡಿದ ಇಂಜಿನ್‌ಗಳ ಮನೆತನ ಇದು. 1963ರಲ್ಲಿ ಮಹೀಂದ್ರಾ ಆ ಕಂಪನಿ ಜೊತೆ ಕೈಜೋಡಿಸಿತು. ಆಮೇಲೆ ಬಿ-275 ಟ್ರ್ಯಾಕ್ಟರ್ ನಮ್ಮ ಎರೆ ಹೊಲಗಳಿಗೆ ಬಂತು. ಅದರ ಬೋರ್ ಸ್ವಲ್ಪ ಸಣ್ಣದು, ಸ್ಟ್ರೋಕ್ ಮಾತ್ರ ಇದೇ ನಾಲ್ಕು ಅಂಗುಲ. ಟ್ರ್ಯಾಕ್ಟರಿನಿಂದ ಜೀಪಿಗೆ, ಜೀಪಿನಿಂದ ಪಿಕಪ್ಪಿಗೆ ಇಳಿದು ಬಂದರೂ ಆ ನಾಲ್ಕು ಅಂಗುಲ ಬದಲಾಗಲಿಲ್ಲ.

ಇದನ್ನೆಲ್ಲ ಮೊದಲೇ ಹೇಳೋದಕ್ಕೆ ಕಾರಣ ಇದೆ. ಬೋರ್‌ಗಿಂತ ಸ್ಟ್ರೋಕ್ ಉದ್ದ ಇರುವ ಇಂಜಿನ್‌ಗೆ ಒಂದು ಸ್ವಭಾವ ಇರುತ್ತದೆ. ಅದು ಓಡೋದಕ್ಕಿಂತ ಎಳೆಯೋದಕ್ಕೆ ಹುಟ್ಟಿದ್ದು. ಅದನ್ನು ಬಿಚ್ಚಿ ಮತ್ತೆ ಕಟ್ಟುವಾಗ ಈ ಸ್ವಭಾವದ ಜೊತೆ ಹೋಗಬಹುದು, ಇಲ್ಲವೇ ಅದರ ವಿರುದ್ಧ ದುಡ್ಡು ಸುರಿಯಬಹುದು. ನಮ್ಮ ಮನೆಯಲ್ಲಿ ಜಗಳ ಆಗಿದ್ದು ಇದೇ ವಿಷಯಕ್ಕೆ.

ಗಾಡಿ ನಮ್ಮ ಸೋದರಮಾವನದು. ಬ್ಯಾಡಗಿ ತಾಲ್ಲೂಕಿನ ಹಳ್ಳಿ, ಇಪ್ಪತ್ತು ವರ್ಷ ದಾಟಿದ ಬೊಲೆರೊ ಪಿಕಪ್, ಟರ್ಬೊ (ಗಾಳಿ ಒತ್ತಿ ತುಂಬುವ ಯಂತ್ರ) ಇರುವ ಡಿಐ ಇಂಜಿನ್, ಅಂದರೆ ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುವಂಥದ್ದು. ಕಂಪನಿ ಲೆಕ್ಕದಲ್ಲಿ ನಿಮಿಷಕ್ಕೆ 3200 ಸುತ್ತು ತಿರುಗುವಾಗ 63 ಅಶ್ವಶಕ್ತಿ. ಟಾರ್ಕ್, ಅಂದರೆ ತಿರುಗಿಸುವ ಬಲ, 180 ನ್ಯೂಟನ್ ಮೀಟರ್, ಅದೂ 1500 ಸುತ್ತಿನ ಒಳಗೇ. ಹಂಗಾಮಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ. ಆಗಾಗ ಅರಬೈಲ್ ಘಟ್ಟ ಇಳಿದು ಅಂಕೋಲಾ ಕಡೆ ಹೋಗಿ, ಬರುವಾಗ ಸಾಣಿಕಟ್ಟಾ ಉಪ್ಪೋ ತೆಂಗಿನಕಾಯಿಯೋ ಹೇರಿಕೊಂಡು ಬರೋದು. ದೀಪಾವಳಿ ಆದ ಮೇಲೆ ಹೋರಿ. ಹಾವೇರಿ ಕಡೆಯವರಿಗೆ ಹೋರಿ ಹಬ್ಬದ ಬಗ್ಗೆ ಹೇಳಬೇಕಾಗಿಲ್ಲ. ಬಲೂನು, ಕೊಬ್ಬರಿ ಮಾಲೆ ಕಟ್ಟಿಸಿಕೊಳ್ಳುವ ಹೋರಿ ಊರಿಂದ ಊರಿಗೆ ಹೋಗೋದು ಇಂಥ ಪಿಕಪ್ಪಿನಲ್ಲೇ. ಆ ಹೊತ್ತಿನಲ್ಲಿ ಡ್ರೈವರ್ ಬ್ರೇಕ್ ಸ್ವಲ್ಪ ಜೋರಾಗಿ ಒತ್ತಿದರೂ ಹಿಂದಿನಿಂದ ಬೈಗುಳ ಬರುತ್ತದೆ.

ಇಂಜಿನ್ ಸೋತಿತ್ತು. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗೋಕೆ ಹಟ, ಏರಿನಲ್ಲಿ ನೀಲಿ ಹೊಗೆ, ಆಯಿಲ್ ಫಿಲ್ಲರ್ ಮುಚ್ಚಳ ತೆಗೆದರೆ ಒಳಗಿಂದ ಭುಸುಗುಡುವ ಗಾಳಿ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡುತ್ತಿದೆ. ಮುಚ್ಚಳದಿಂದ ಗಾಳಿ ಅಂದ್ರೆ ಸುಟ್ಟ ಅನಿಲ ಪಿಸ್ಟನ್ ದಾಟಿ ಕೆಳಗಿಳಿಯುತ್ತಿದೆ. ಎರಡೂ ಸೇರಿದರೆ ಇಂಜಿನ್ ಕೆಲಸ ಬಂತು ಅಂತಲೇ ಅರ್ಥ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿ, ಹುಬ್ಬಳ್ಳಿಯಲ್ಲಿ ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಸೇರಿದವನು. ಹೀಗಾಗಿ ಮನೆತನದ ಯಾವ ಗಾಡಿ ಕೆಮ್ಮಿದರೂ ಫೋನು ನನಗೇ ಬರುತ್ತದೆ.

ಮಾಮಾನ ಮಗನ ಆಸೆ ಬೇರೆಯೇ ಇತ್ತು. "ಭಾವ, ಹೆಂಗಿದ್ರೂ ಬಿಚ್ಚಾಕತ್ತೇವಿ. ಸ್ಕಾರ್ಪಿಯೊ ಇಂಜಿನ್ ಕುಂದರಸಿಬಿಡೂಣ. ಗಾಡಿ ಹಾರಬೇಕು ನೋಡು." ಹಳೆಯ ಸ್ಕಾರ್ಪಿಯೊದ 2.6 ಲೀಟರ್ ಇಂಜಿನ್‌ಗೆ 109 ಅಶ್ವಶಕ್ತಿ. ಹುಡುಗನ ಕಣ್ಣು ಆ ಸಂಖ್ಯೆ ಮೇಲೆ. ಮಾಮಾ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಒಂದೇ ಮಾತು ಅಂದರು: "ಹಾರೂದು ಯಾರಿಗೆ ಬೇಕಾಗೇತಿ? ಹೇರಿದ ಮಾಲ ಎಳೀಲಿ."

ಬೇರೆ ಇಂಜಿನ್ ಕೂರಿಸೋದು ಸುಮ್ನೆ ನಟ್ಟು ಬೋಲ್ಟಿನ ವಿಷಯ ಅಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇದೆ. ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಯಲ್ಲಿ ಇರೋದಕ್ಕೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸೋಕೆ ಸುಮ್ನೆ ಬಿಡಲ್ಲ. ಕಾನೂನು ಬಿಟ್ಟರೂ ಗಾಡಿಯ ಉಳಿದ ಅಂಗಗಳು ಒಪ್ಪಬೇಕಲ್ಲ? ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಚಕ್ರ ತಿರುಗಿಸುವ ಕ್ರೌನ್ ಗೇರ್ ಎಲ್ಲಾ 63ಕ್ಕೆ ಅಂತ ಅಳೆದು ಮಾಡಿದ್ದು. ಅದಕ್ಕೆ 109 ಸುರಿದರೆ ಮೊದಲು ಮುರಿಯೋದು ಯಾವುದು ಅನ್ನೋದಷ್ಟೇ ಪ್ರಶ್ನೆ.

ಆದರೆ ಹುಡುಗನಿಗೆ ಕಾನೂನು ಹೇಳಿ ಬಾಯಿ ಮುಚ್ಚಿಸೋದು ನನಗೆ ಇಷ್ಟ ಇರಲಿಲ್ಲ. ಅದಕ್ಕೇ ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆವು. ಗಾಡಿ, ಮಾಲು ಎಲ್ಲಾ ಸೇರಿ ಮೂರು ಟನ್ ಅಂದುಕೊಳ್ಳೋಣ. ನೂರು ಮೀಟರಿಗೆ ಆರು ಮೀಟರ್ ಏರುವ ಘಟ್ಟ. ಗಂಟೆಗೆ 40 ಕಿಲೋಮೀಟರ್ ವೇಗ. ಏರನ್ನು ಗೆಲ್ಲೋಕೆ ಬೇಕಾಗೋದು ಸುಮಾರು 27 ಅಶ್ವಶಕ್ತಿ. ಟೈರಿನ ಎಳೆದಾಟ ಸೇರಿಸಿದರೆ 32ರ ಆಸುಪಾಸು. ಆ ವೇಗಕ್ಕೆ ಗಾಳಿಯ ತಡೆ ದೊಡ್ಡದಲ್ಲ. ಅಂದ್ರೆ 63ರಲ್ಲಿ ಅರ್ಧ ಸಾಕು. "ಹಂಗಾದ್ರ ನಮ್ಮ ಗಾಡಿ ಯಾಕ ಏದುಸಿರು ಬಿಡ್ತೈತಿ?" ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಗಾಡಿಗೆ 63 ಇತ್ತು, ಈಗ ಇಲ್ಲ. ಎಷ್ಟು ಹೋಗಿದೆಯೋ ಅದನ್ನು ವಾಪಸ್ ತರೋದೇ ಮೊದಲ ಕೆಲಸ. ಹೊಸದಾಗಿ ಸೇರಿಸೋದು ಆಮೇಲಿನ ಮಾತು.

ಇನ್ನೊಂದು ಉದಾಹರಣೆ ನಮ್ಮ ಊರಲ್ಲೇ ಇದೆ. ಹುಬ್ಬಳ್ಳಿ ಡೀಸೆಲ್ ಲೋಕೋ ಶೆಡ್‌ನ ಇಎಂಡಿ (ಅಮೆರಿಕದ ಕಂಪನಿ) ವಿನ್ಯಾಸದ ರೈಲು ಇಂಜಿನ್‌ಗಳನ್ನು ನೋಡಿದ್ದೀರಾ? ಡಬ್ಲ್ಯುಡಿಜಿ-4 ಗೂಡ್ಸ್ ಲೋಕೋ. ಅದರ ಒಂದೊಂದು ಸಿಲಿಂಡರ್ 710 ಘನ ಅಂಗುಲ, ಅಂದರೆ ಹನ್ನೊಂದೂವರೆ ಲೀಟರಿಗೂ ಜಾಸ್ತಿ. ನಮ್ಮ ಇಂಥ ನಾಲ್ಕು ಇಂಜಿನ್ ಸೇರಿದರೂ ಅದರ ಒಂದು ಸಿಲಿಂಡರಿಗೆ ಸಮ ಆಗಲ್ಲ. ಅಂಥ ಹದಿನಾರು ಸೇರಿ ಸುಮಾರು 4000 ಅಶ್ವಶಕ್ತಿ ಕೊಡುತ್ತವೆ. ಎಷ್ಟು ಸುತ್ತಿಗೆ ಗೊತ್ತಾ? ನಿಮಿಷಕ್ಕೆ 900ರ ಆಸುಪಾಸಿಗೆ. ನಮ್ಮ ಪಿಕಪ್ ಸುಮ್ಮನೆ ನಿಂತು ಗುರುಗುಟ್ಟುವ ವೇಗಕ್ಕಿಂತ ಅಷ್ಟೇನೂ ಜಾಸ್ತಿ ಅಲ್ಲ. ಜೋರು ಬೇಕು ಅಂದ್ರೆ ಜೋರಾಗಿ ತಿರುಗಲೇಬೇಕು ಅನ್ನೋದು ಸ್ಪೋರ್ಟ್ಸ್ ಬೈಕ್ ನೋಡಿ ಕಲಿತ ಮಾತು.

ತಿರುಗಿಸಿದರೆ ಏನಾಗುತ್ತದೆ ಅಂತಲೂ ಅದೇ ಹಾಳೆಯಲ್ಲಿ ನೋಡಿದೆವು. 3200 ಸುತ್ತಿಗೆ ನಮ್ಮ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ ಹನ್ನೊಂದು ಮೀಟರಿನ ಹತ್ತಿರ. 4000ಕ್ಕೆ ಏರಿಸಿದರೆ ಹದಿಮೂರೂವರೆ. ಕೇಳೋಕೆ ದೊಡ್ಡದಲ್ಲ. ಆದರೆ ಪಿಸ್ಟನ್ ಮೇಲೆ ಹೋಗಿ ನಿಂತು ಮತ್ತೆ ಕೆಳಗೆ ತಿರುಗುವಾಗ ಪಿಸ್ಟನ್ನನ್ನು ಕ್ರ್ಯಾಂಕ್ ಅನ್ನುವ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸುತ್ತು ಕಾಲು ಭಾಗ ಜಾಸ್ತಿ ಆದರೆ ಎಳೆತ ಒಂದೂವರೆ ಪಟ್ಟು ದಾಟುತ್ತದೆ. ನಾಲ್ಕು ಅಂಗುಲ ಸ್ಟ್ರೋಕಿನ ಟ್ರ್ಯಾಕ್ಟರ್ ರಾಡಿಗೆ ಇದು ಶಿಕ್ಷೆ.

ಹಾಗಾಗಿ ಹೀಗೆ ತೀರ್ಮಾನ ಆಯಿತು. ಇಂಜಿನ್ ಅದೇ, ನಂಬರ್ ಅದೇ. ಆದರೆ ಸಾಮಾನ್ಯವಾಗಿ ಪಿಸ್ಟನ್ ಸುತ್ತ ರಿಂಗ್ ಹಾಕಿ, ಬೇರಿಂಗ್ ಹಾಕಿ, ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮುಚ್ಚಳವಾದ ಹೆಡ್ಡಿಗೂ ನಡುವೆ ಪ್ಯಾಕಿಂಗ್ ಕೊಟ್ಟು ಮುಚ್ಚುವ ಕೆಲಸ ಅಲ್ಲ. ರೇಸಿನವರು ಎಷ್ಟು ಅಳತೆ ನೋಡಿ ಕಟ್ಟುತ್ತಾರೋ ಅಷ್ಟೇ ನೋಡಿ, 1400ರಿಂದ 2200 ಸುತ್ತಿನ ಒಳಗೆ ಜೀವ ತುಂಬಿದ ಇಂಜಿನ್ ಕಟ್ಟೋದು. ಹುಡುಗ ಮುಖ ಸಣ್ಣ ಮಾಡಿದ, ಆದರೂ ಒಪ್ಪಿದ. "ಪರ್ಫಾರ್ಮನ್ಸ್ ಅಂತ ಅನ್ನಬಹುದಲ್ಲ?" ಅಂದ. ಅನ್ನಪ್ಪಾ, ಯಾರು ಬೇಡ ಅಂದ್ರು.

ಇಂಜಿನ್ ಇಳಿಸಿದ್ದು ಹಳೇಹುಬ್ಬಳ್ಳಿ ಕಡೆಯ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಉಸ್ತಾದರಿಗೆ ಎಪ್ಪತ್ತರ ಹತ್ತಿರ. ಅವರ ತಂದೆ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಈ ಊರಲ್ಲಿ ಒಳ್ಳೆ ಕೈ ಇರುವ ಮೇಸ್ತ್ರಿಗಳ ಬೇರು ಹುಡುಕುತ್ತಾ ಹೋದರೆ ಹೆಚ್ಚಾಗಿ ಆ ವರ್ಕ್‌ಶಾಪಿನ ಗೇಟಿಗೇ ಹೋಗಿ ನಿಲ್ಲುತ್ತೇವೆ.

ಬಿಚ್ಚಿದ ಇಂಜಿನ್ ತನ್ನ ಕಥೆ ತಾನೇ ಹೇಳುತ್ತದೆ, ಓದೋಕೆ ಬರಬೇಕು ಅಷ್ಟೇ. ಉಸ್ತಾದರು ಸಿಲಿಂಡರ್ ಒಳಗೆ ಉಗುರು ಆಡಿಸಿ ನನ್ನ ಕೈ ಹಿಡಿದು ಅಲ್ಲೇ ಇಟ್ಟರು. ಮೇಲಿನ ಅಂಚಿನ ಸ್ವಲ್ಪ ಕೆಳಗೆ ಉಗುರಿಗೆ ತಟ್ಟುವ ಏಣು. ಮೊದಲ ರಿಂಗ್ ತನ್ನ ಓಟ ಮುಗಿಸಿ ವಾಪಸ್ ತಿರುಗುವ ಜಾಗ ಅದು. ಸವೆತ ಯಾವಾಗಲೂ ಅಲ್ಲೇ ಜಾಸ್ತಿ. ಯಾಕಂದ್ರೆ ಅಲ್ಲಿ ಪಿಸ್ಟನ್ ಒಂದು ಕ್ಷಣ ನಿಲ್ಲುತ್ತದೆ, ನಿಂತಾಗ ಆಯಿಲ್ ಪದರ ಕಿತ್ತುಹೋಗುತ್ತದೆ, ಅದೇ ಹೊತ್ತಿಗೆ ಸ್ಫೋಟದ ಒತ್ತಡ ರಿಂಗನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಬಿಸಿ, ಒತ್ತಡ, ಎಣ್ಣೆ ಇಲ್ಲದಿರೋದು, ಮೂರೂ ಒಂದೇ ಜಾಗದಲ್ಲಿ.

ಇದು ಎಲ್ಲಾ ಇಂಜಿನ್‌ಗೂ ಇದ್ದದ್ದೇ. ಆದರೆ ಇಲ್ಲಿನ ಸವೆತ ವಯಸ್ಸಿಗೆ ಮೀರಿತ್ತು. ಉಸ್ತಾದರು ಟರ್ಬೊ ಕಡೆ ಬೊಟ್ಟು ಮಾಡಿದರು. ಗಾಳಿ ಎಳೆಯುವ ಚಕ್ರದ ಎಸಳುಗಳ ಅಂಚು ಚೂಪಾಗಿರಬೇಕಿತ್ತು. ಅವು ಮೊಂಡಾಗಿದ್ದವು. ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ರಬ್ಬರ್ ಹೋಸ್ ತಿರುಗಿಸಿ ನೋಡಿದರೆ ಕೆಳಗಡೆ, ಕಣ್ಣಿಗೆ ಬೀಳದ ಕಡೆ, ಉದ್ದಕ್ಕೂ ಸೀಳು. ಫಿಲ್ಟರನ್ನು ಮಾಮಾ ತಪ್ಪದೆ ಬದಲಿಸುತ್ತಿದ್ದರು. ಅದನ್ನು ದಾಟಿದ ಮೇಲೆ ತೂತು ಇದ್ದರೆ ಫಿಲ್ಟರ್ ಎಷ್ಟು ಹೊಸದಾದರೇನು? ಬೇಸಿಗೆಯಲ್ಲಿ ಹೊಲದ ದಾರಿಯ ಧೂಳು ನೇರ ಒಳಗೆ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಆಯಿಲ್ ಜೊತೆ ಸೇರಿದರೆ ಅದು ಸಾಣೆ ಹಿಡಿದ ಹಾಗೆ ರಿಂಗು, ಸ್ಲೀವ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಎರಡನ್ನೂ ತಿನ್ನುತ್ತದೆ. ಇಂಜಿನ್ ತಿಂದ ಕಳ್ಳ ಸಿಕ್ಕಿದ. ಅಂಗಡಿಯಲ್ಲಿ ಆ ಹೋಸಿನ ಬೆಲೆ ಕೇಳಿ ಮಾಮಾಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮುಂದಿನ ಹೆಜ್ಜೆ ಬೋರಿಂಗ್. ಇಲ್ಲಿ ಒಂದು ನಂಬಿಕೆ ಬಗ್ಗೆ ಹೇಳಲೇಬೇಕು. ಬೋರ್ ದೊಡ್ಡದು ಮಾಡಿಸಿದರೆ ಗಾಡಿ ಜೋರಾಗುತ್ತದೆ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಅರ್ಧ ಮಿಲಿಮೀಟರ್ ಓವರ್‌ಸೈಜ್ ಮಾಡಿದರೆ 2523 ಸಿಸಿ 2551 ಆಗುತ್ತದೆ. ಜಾಸ್ತಿ ಆಗಿದ್ದು 28 ಸಿಸಿ. ನೂರಕ್ಕೆ ಒಂದು ಭಾಗ ಚಿಲ್ಲರೆ. ಅದರಿಂದ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಬೋರ್ ಮಾಡಿಸಿ ಬಂದ ಗಾಡಿ ಹುರುಪಾಗಿ ಓಡುವುದು ಗಾತ್ರ ದೊಡ್ಡದಾಗಿದ್ದಕ್ಕಲ್ಲ, ಸಿಲಿಂಡರ್ ಮತ್ತೆ ದುಂಡಗಾಗಿದ್ದಕ್ಕೆ. ನಮ್ಮದಕ್ಕೆ ಹೊಸ ಸ್ಲೀವ್ ಹೊಡೆಸಿ ಮೂಲ ಅಳತೆಗೇ ತಂದೆವು.

ಗೋಕುಲ ರಸ್ತೆ ಕಡೆಯ ಬೋರಿಂಗ್ ಅಂಗಡಿಯಲ್ಲಿ ಕಾಲಿಟ್ಟ ಕೂಡಲೇ ನನಗೆ ಕಂಡಿದ್ದು ಮೂಲೆಯ ಲೇತ್. ಹರಿಹರದ ಮೈಸೂರು ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು. ಅದರ ಲೇತ್‌ಗಳು ಮಾತ್ರ ರಾಣೆಬೆನ್ನೂರಿನಿಂದ ಧಾರವಾಡದವರೆಗೆ ಇನ್ನೂ ತಿರುಗುತ್ತಿವೆ. ಅಂಗಡಿಯವರು ನಮ್ಮ ಸ್ಲೀವ್ ಮುಟ್ಟೋಕೂ ಒಪ್ಪಲಿಲ್ಲ. "ಮೊದಲ ಪಿಸ್ಟನ್ ತರ್ರಿ ಸಾಹೇಬ್ರ. ಪಿಸ್ಟನ್ ಕೈಯಾಗ ಇಲ್ಲದ ಬೋರ್ ಮಾಡಂಗಿಲ್ಲ." ಇದು ಹಟ ಅಲ್ಲ, ಇದೇ ಸರಿ. ಪೆಟ್ಟಿಗೆ ಮೇಲೆ ಬರೆದ ಅಳತೆ ಒಂದು, ಒಳಗಿನ ಪಿಸ್ಟನ್ ಅಳತೆ ಅದಕ್ಕಿಂತ ಕೂದಲೆಳೆಯಷ್ಟು ಬೇರೆ ಇರಬಹುದು. ನಾಲ್ಕು ಪಿಸ್ಟನ್ ನಾಲ್ಕು ಥರ ಇದ್ದರೂ ಇರಬಹುದು. ಅದಕ್ಕೇ ಪ್ರತಿ ಪಿಸ್ಟನ್ ಅಳೆದು, ಅದರ ತಲೆ ಮೇಲೆ 1, 2, 3, 4 ಅಂತ ಬರೆದು, ಆಯಾ ಸಿಲಿಂಡರನ್ನು ಅದಕ್ಕೆ ತಕ್ಕಂತೆ ಕೊರೆಯುತ್ತಾರೆ.

ಪಿಸ್ಟನ್ ತಂದುಕೊಟ್ಟೆವು. ಆದರೂ ಅವತ್ತು ಅಳೆಯಲಿಲ್ಲ. ಬ್ಲಾಕ್ ಪಕ್ಕದಲ್ಲಿ ಇಟ್ಟು "ನಾಳಿಗೆ ಮುಂಜಾನೆ" ಅಂದರು. ನನಗೆ ಅದು ಬಹಳ ಹಿಡಿಸಿತು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬಂದ ಪಿಸ್ಟನ್ ಬಿಸಿಯಾಗಿರುತ್ತದೆ, ನೆರಳಲ್ಲಿ ಕೂತ ಬ್ಲಾಕ್ ತಣ್ಣಗಿರುತ್ತದೆ. ಹದಿನೈದು ಡಿಗ್ರಿ ವ್ಯತ್ಯಾಸ ಇದ್ದರೆ ಇಷ್ಟು ಅಗಲದ ಅಲ್ಯೂಮಿನಿಯಂ ಪಿಸ್ಟನ್ ಮಿಲಿಮೀಟರಿನ ನೂರರಲ್ಲಿ ಎರಡೂವರೆ ಭಾಗದಷ್ಟು ಹಿಗ್ಗುತ್ತದೆ. ಬೀಡಿನ ಬ್ಲಾಕ್ ಹಿಗ್ಗೋದು ಅದರ ಅರ್ಧದಷ್ಟೇ. ನಾವು ಹಿಡಿಯೋಕೆ ಹೊರಟ ಸಂದೇ ನೂರಂಶಗಳ ಲೆಕ್ಕದ್ದು. ಅದರಲ್ಲಿ ಎರಡೂವರೆ ಸುಳ್ಳಾದರೆ ಉಳಿದದ್ದೇನು? ರಾತ್ರಿ ಇಡೀ ಒಂದೇ ಜಾಗದಲ್ಲಿ ಕೂತರೆ ಎರಡಕ್ಕೂ ಒಂದೇ ಬಿಸಿ. ಅಂಗಡಿಯವರು ಈ ಲೆಕ್ಕವನ್ನು ಎಂದೂ ಕಾಗದದ ಮೇಲೆ ಮಾಡಿಲ್ಲ. ಅವರ ಗುರು ಹಾಗೆ ಮಾಡುತ್ತಿದ್ದರು, ಇವರೂ ಮಾಡುತ್ತಾರೆ.

ಕೊರೆದ ಮೇಲೆ ಹೋನಿಂಗ್, ಅಂದರೆ ಒಳಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜೋದು. ಗೋಡೆ ಕನ್ನಡಿ ಥರ ಹೊಳೀಬೇಕು ಅಂತ ಅಂದುಕೊಳ್ಳುವವರು ಇದ್ದಾರೆ. ಹೊಳೆದರೆ ಕೆಟ್ಟಿತು ಅಂತಲೇ ಅರ್ಥ. ಓರೆಯಾಗಿ ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳು ಬೇಕು. ಆಯಿಲ್ ನಿಲ್ಲೋದು ಅವುಗಳಲ್ಲೇ, ರಿಂಗ್ ತನ್ನ ಜಾಗ ಉಜ್ಜಿಕೊಳ್ಳೋದೂ ಅವುಗಳ ಮೇಲೇ. ರಿಂಗುಗಳನ್ನು ಒಂದೊಂದಾಗಿ ಸಿಲಿಂಡರಿನಲ್ಲಿ ಇಟ್ಟು, ತುದಿಗಳ ನಡುವಿನ ಸಂದು ಫೀಲರ್ ಗೇಜಿನಿಂದ ನೋಡಿದೆವು. ಮಿಲಿಮೀಟರಿನ ಮೂರನೇ ಒಂದು ಭಾಗದ ಆಸುಪಾಸು. ಟರ್ಬೊ ಇಂಜಿನ್‌ಗೆ ಇದು ತೀರ ಬಿಗಿ ಇರಬಾರದು. ಬಿಸಿಗೆ ರಿಂಗ್ ಉದ್ದವಾಗಿ ತುದಿಗೆ ತುದಿ ತಾಗಿದರೆ ಮುಗೀತು, ಪಿಸ್ಟನ್ ಜಾಮ್.

ಕ್ರ್ಯಾಂಕ್ ಹತ್ತು ಥೌ, ಅಂದರೆ ಅಂಗುಲದ ಸಾವಿರದಲ್ಲಿ ಹತ್ತು ಭಾಗ, ಗ್ರೈಂಡ್ ಆಯಿತು. ವಾಲ್ವ್ ಸೀಟು, ಗೈಡು ಹೊಸದು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಹೆಡ್ ಬಗ್ಗೆ ಮಾತ್ರ ಒಂದು ಮಾತು. ಪೆಟ್ರೋಲ್ ಇಂಜಿನ್ ಕೆಲಸ ಮಾಡುವವರು ಹೆಡ್ ತುಸು ಕೆರೆಸಿ ಕಂಪ್ರೆಷನ್ ಏರಿಸುತ್ತಾರೆ. ಹುಡುಗ ಇದನ್ನೂ ಎಲ್ಲೋ ನೋಡಿಕೊಂಡು ಬಂದಿದ್ದ. ನಮ್ಮ ಡಿಐ ಇಂಜಿನ್‌ನಲ್ಲಿ ಹೆಡ್‌ನ ತಳ ಚಪ್ಪಟೆ, ಡೀಸೆಲ್ ಉರಿಯುವ ಬಟ್ಟಲು ಇರೋದು ಪಿಸ್ಟನ್ ತಲೆಯಲ್ಲಿ. ಹೆಡ್ ಕೆರೆದರೆ ಸಿಗೋದು ಹೆಚ್ಚೇನಿಲ್ಲ, ವಾಲ್ವುಗಳು ಮಾತ್ರ ಪಿಸ್ಟನ್ನಿಗೆ ಹತ್ತಿರ ಬರುತ್ತವೆ. ಇಲ್ಲಿ ಕಂಪ್ರೆಷನ್ ತೀರ್ಮಾನ ಆಗೋದು ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಎದ್ದು ನಿಲ್ಲುತ್ತದೆ, ಪ್ಯಾಕಿಂಗ್ ಎಷ್ಟು ದಪ್ಪ ಅನ್ನೋದರಲ್ಲಿ. ಡಯಲ್ ಗೇಜ್ ಇಟ್ಟು ನಾಲ್ಕನ್ನೂ ನೋಡಿ, ಅದಕ್ಕೆ ತಕ್ಕ ಪ್ಯಾಕಿಂಗ್ ತಂದೆವು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ತೂಕದ್ದು. ನಾಲ್ಕು ಪಿಸ್ಟನ್, ನಾಲ್ಕು ಪಿನ್, ನಾಲ್ಕು ರಾಡ್. ಎಲ್ಲವನ್ನೂ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ದೆವು. ಗಾಜಿನ ಪೆಟ್ಟಿಗೆಯ ತಕ್ಕಡಿ ಮೇಲೆ ಗ್ರೀಸ್ ಒರೆಸಿದ ಕನೆಕ್ಟಿಂಗ್ ರಾಡ್ ಇಟ್ಟಾಗ ತಾಳಿ ಸರ ನೋಡೋಕೆ ಬಂದ ಹೆಂಗಸರು ನಮ್ಮನ್ನು ನೋಡಿದ ನೋಟ ನೆನಪಿದೆ. ರಾಡುಗಳಲ್ಲಿ ಒಂದು ಉಳಿದವಕ್ಕಿಂತ ಎದ್ದು ಕಾಣುವಷ್ಟು ಭಾರ ಇತ್ತು. ಇದಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು? ಕ್ರ್ಯಾಂಕಿನ ಕೈ ಎರಡು ಅಂಗುಲ. 3200 ಸುತ್ತಿನಲ್ಲಿ ಅಲ್ಲಿ ಹತ್ತು ಗ್ರಾಂ ಹೆಚ್ಚಿದ್ದರೆ ಅದು ಬೇರಿಂಗ್ ಮೇಲೆ ಸುಮಾರು ಆರು ಕಿಲೋ ಭಾರದಂತೆ ಜಗ್ಗುತ್ತದೆ, ಪ್ರತಿ ಸುತ್ತಿಗೂ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ. ಉಸ್ತಾದರು ಭಾರದ ರಾಡಿನ ಬುಡದಲ್ಲಿ, ಬಲಕ್ಕೆ ಬೇಡದ ಜಾಗದಲ್ಲಿ, ಅರದಿಂದ ಸ್ವಲ್ಪ ಸ್ವಲ್ಪ ತೆಗೆದರು. ಮತ್ತೆ ತಕ್ಕಡಿ. ಮತ್ತೆ ಅರ. ಎಲ್ಲಾ ಒಂದೇ ತೂಕಕ್ಕೆ ಬಂದಾಗ ಮಾಮಾನ ಮಗ ಫೋಟೋ ತೆಗೆದುಕೊಂಡ. ಈ ಕೆಲಸದಲ್ಲಿ ಅವನು ಪೂರ್ತಿ ಮುಳುಗಿದ್ದು ಅಲ್ಲಿಂದಲೇ ಅಂತ ನನಗೆ ಅನ್ನಿಸುತ್ತದೆ.

ಟರ್ಬೊ ಬೇರೆ ಕಡೆ ರಿಪೇರಿ ಆಗಿ ಬಂತು. ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ, ಅದೂ ಆಯಿಲ್ ಪದರದ ಮೇಲೆ ತೇಲುತ್ತಾ. ಹುಬ್ಬಳ್ಳಿ-ಧಾರವಾಡದ ಎತ್ತರದಲ್ಲಿ ಗಾಳಿ ಸಮುದ್ರ ದಂಡೆಗಿಂತ ಆರೇಳು ಪ್ರತಿಶತ ತೆಳು. ಟರ್ಬೊ ಇಲ್ಲದ ಇಂಜಿನ್ ಅಷ್ಟನ್ನು ಇಲ್ಲಿ ಸುಮ್ನೆ ಕಳೆದುಕೊಳ್ಳುತ್ತದೆ. ಟರ್ಬೊ ಆ ಕೊರತೆ ತುಂಬುತ್ತದೆ.

ಗಾಳಿ ಆಯಿತು. ಇನ್ನು ಡೀಸೆಲ್. ಎಲ್ಲಾ ಆಸೆಗಳೂ ಬಂದು ನಿಲ್ಲೋದು ಪಂಪ್ ಅಂಗಡಿಯಲ್ಲಿ. ಸಿಲಿಂಡರುಗಳಿಗೆ ಡೀಸೆಲ್ ಅಳೆದು ಕಳಿಸುವ ಈ ಪಂಪಿಗೆ ಮೈಕೋ ಪಂಪ್ ಅಂತಲೇ ನಮ್ಮಲ್ಲಿ ಹೇಳೋದು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಹುಬ್ಬಳ್ಳಿ ಗ್ಯಾರೇಜಿಗೆ ಅದು ಮೈಕೋನೇ. ಒಂದು ಸ್ಕ್ರೂ ತುಸು ತಿರುವಿದರೆ ಡೀಸೆಲ್ ಜಾಸ್ತಿ, ಎಳೆತ ಜಾಸ್ತಿ, ಕರಿ ಹೊಗೆಯೂ ಜಾಸ್ತಿ. ಜಾತ್ರೆಯ ಟ್ರ್ಯಾಕ್ಟರ್ ಸ್ಪರ್ಧೆ ನೋಡಿ ಬೆಳೆದ ನಮ್ಮ ಹುಡುಗರಿಗೆ ಕರಿ ಹೊಗೆ ಅಂದ್ರೆ ಗಂಡಸುತನ. ನಿಜ ಹೇಳಬೇಕು ಅಂದ್ರೆ ಅದು ಉರಿಯದೆ ಹೊರಗೆ ಹೋದ ದುಡ್ಡು. ದುಡ್ಡಷ್ಟೇ ಹೋದರೆ ಪರವಾಗಿಲ್ಲ, ಬಿಸಿಯೂ ಏರುತ್ತದೆ. ಸೈಲೆನ್ಸರ್ ಕಡೆ ಹೋಗುವ ಅನಿಲದ ಬಿಸಿ ಟರ್ಬೊಗೆ ಮುಂಚೆ 700 ಡಿಗ್ರಿ ದಾಟಿ ಹಾಗೇ ನಿಂತರೆ ಪಿಸ್ಟನ್ ತಲೆಗೂ ಟರ್ಬೊಗೂ ಅಪಾಯ. ಶುದ್ಧ ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ. ಪಿಸ್ಟನ್ ಉಳಿಯೋದು ಆಯಿಲ್ ಮತ್ತು ನೀರು ಕ್ಷಣ ಕ್ಷಣ ಅದರ ಬಿಸಿ ಹೊತ್ತು ಒಯ್ಯುತ್ತಿರೋದರಿಂದ.

ಹುಡುಗ ಪಂಪ್ ಅಂಗಡಿಯವರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಅವರು ನನ್ನ ಕಡೆ ನೋಡಿದರು. ನಾನು ಕಂಪನಿ ಅಳತೆಗೇ ಇಡಿ ಅಂದೆ, ಆದರೆ ನಾಲ್ಕೂ ನಾಝಲ್‌ಗೆ ಹೋಗುವ ಡೀಸೆಲ್ ಒಂದೇ ಸಮ ಇರಲಿ, ಅದರಲ್ಲಿ ಚೌಕಾಶಿ ಬೇಡ. ಬೆಂಚ್ ಮೇಲೆ ಗಾಜಿನ ಕೊಳವೆಗಳಲ್ಲಿ ಡೀಸೆಲ್ ತುಂಬೋದನ್ನು ನೋಡುತ್ತಾ ನಿಂತೆವು. ನಾಲ್ಕು ಕೊಳವೆಯ ಮಟ್ಟ ಒಂದೇ ಗೆರೆಗೆ ಬಂದ ಮೇಲೆ ಪಂಪಿಗೆ ಸೀಲ್ ಬಿತ್ತು. ಹುಡುಗನ ಸಮಾಧಾನಕ್ಕೆ ಎಕ್ಸಾಸ್ಟ್ ಬಿಸಿ ತೋರಿಸುವ ಒಂದು ಮೀಟರ್ ಡ್ಯಾಶ್‌ಬೋರ್ಡ್ ಮೇಲೆ ಹಾಕಿಸಿದೆ. ಖರ್ಚಿನ ಲೆಕ್ಕ ಇಲ್ಲಿ ಬರೆಯಲ್ಲ. ಮಾಮಾ ಇದನ್ನು ಓದುತ್ತಾರೆ.

ಕಟ್ಟಿದ ಇಂಜಿನ್ ಪಳಗಿಸುವ ವಿಷಯದಲ್ಲಿ ನನಗೂ ಉಸ್ತಾದರಿಗೂ ಒಮ್ಮತ ಬರಲಿಲ್ಲ. ಅವರ ಪದ್ಧತಿ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ, ಅಂದರೆ ಭಾರ ಇಲ್ಲದೆ ನಿಂತಲ್ಲೇ, ಗಂಟೆಗಟ್ಟಲೆ ಬಿಡೋದು. "ರಿಂಗ್ ಕುಂದರಲಿ" ಅಂತಾರೆ. ನನ್ನ ಅಭಿಪ್ರಾಯ ಉಲ್ಟಾ. ರಿಂಗನ್ನು ಗೋಡೆಗೆ ಒತ್ತೋದು ಹೆಚ್ಚಾಗಿ ಅದರ ಹಿಂದೆ ಹೊಕ್ಕ ಅನಿಲದ ಒತ್ತಡ. ಐಡಲ್‌ನಲ್ಲಿ ಆ ಒತ್ತಡ ಕಡಿಮೆ. ರಿಂಗ್ ಕೂರದೆ ಗೀರುಗಳ ಮೇಲೆ ಆಯಿಲ್ ಸುಟ್ಟು ಮೆರುಗು ಹತ್ತುತ್ತದೆ. ಆಮೇಲೆ ರಿಂಗ್ ಕೂರೋದೇ ಇಲ್ಲ. ಹೊಸ ಇಂಜಿನ್‌ಗೆ ಬೇಕಾಗೋದು ಹದವಾದ ಭಾರ, ಏರಿಳಿಯುವ ವೇಗ. ಕೊನೆಗೆ ಅವರು ನೀರು, ಆಯಿಲ್ ಸೋರಿಕೆ ನೋಡೋಕೆ ಬೇಕಾದಷ್ಟು ಹೊತ್ತು ಓಡಿಸಿದರು, ಬೋಲ್ಟ್ ಮತ್ತೆ ಬಿಗಿ ಮಾಡಿದರು, ಗಾಡಿ ನನ್ನ ಕೈಗೆ ಕೊಟ್ಟರು. "ಓದಿದವ್ರು ಅದೀರಿ, ನಿಮ್ಮಂಗ ಆಗ್ಲಿ. ಹೊಗಿ ಬಂದ್ರ ನನ್ನ ಕೇಳಬ್ಯಾಡ್ರಿ." ಅರ್ಧ ಲೋಡ್ ಹಾಕಿಕೊಂಡು ಗದಗ ರಸ್ತೆಯಲ್ಲಿ ಅಣ್ಣಿಗೇರಿ ದಾಟಿ ಹೋಗಿ ಬಂದೆವು. ಎರೆ ಸೀಮೆಯ ನೇರ ರಸ್ತೆ, ವೇಗ ಏರಿಸೋಕೂ ಇಳಿಸೋಕೂ ಅಡ್ಡಿ ಇಲ್ಲ. ಹೊಗೆ ಬರಲಿಲ್ಲ. ಉಸ್ತಾದರು ಇದಕ್ಕೆ ಈಗಲೂ ಹೋನಿಂಗ್ ಮಾಡಿದ ಅಂಗಡಿಯೇ ಕಾರಣ ಅಂತಾರೆ. ಇರಬಹುದು.

ಪಳಗಿದ ಮೇಲೆ ಅರಬೈಲ್. ತೆಂಗಿನಕಾಯಿ ಹೇರಿದ ಗಾಡಿ ಅಂಕೋಲಾ ಕಡೆಯಿಂದ ಮೇಲೆ ಏರಬೇಕು. ಹುಡುಗ ಓಡಿಸುತ್ತಿದ್ದ, ಮಾಮಾ ಕಿಟಕಿ ಕಡೆ, ನಾನು ನಡುವೆ. ಮೊದಲು ಎರಡನೇ ಗೇರಿಗೆ ಇಳಿಸುತ್ತಿದ್ದ ಎಷ್ಟೋ ತಿರುವುಗಳನ್ನು ಗಾಡಿ ಮೂರನೇ ಗೇರಿನಲ್ಲೇ ದಾಟಿತು. ಸದ್ದು ಕಡಿಮೆ, ಗೇರ್ ಹಿಡಿಕೆಯ ನಡುಕ ಹೋಗಿತ್ತು. ವೇಗ? ಹೆಚ್ಚೇನೂ ಬದಲಾಗಿರಲಿಲ್ಲ. ಹುಡುಗನ ಕಣ್ಣು ಮಾತ್ರ ಹೊಸ ಮೀಟರ್ ಮೇಲೆ. ಒಂದು ಉದ್ದ ಏರಿನಲ್ಲಿ ಅವನು ಹಟ ಹಿಡಿದು ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತುತ್ತಾ ಹೋದ. ಸುತ್ತು ಇಳಿಯಿತು, ಮುಳ್ಳು ಏರಿತು. 600 ದಾಟಿ ಮೇಲೆ ಹೊರಟಿತು. ಸುತ್ತು ಕಡಿಮೆ ಆದರೆ ಟರ್ಬೊ ಕೊಡುವ ಗಾಳಿ ಕಡಿಮೆ, ಡೀಸೆಲ್ ಮಾತ್ರ ಪೂರ್ತಿ. ನಾನು ಏನೂ ಹೇಳಲಿಲ್ಲ. ಅವನೇ ಎರಡನೇ ಗೇರಿಗೆ ಇಳಿಸಿದ. ಮುಳ್ಳು ಕೆಳಗೆ ಬಂತು. "ಎಳದು ಎಳದು ಸಾಯಸೂದಕ್ಕಿಂತ ಗೇರ್ ಇಳಸೂದ ಛಲೋ ನೋಡು ಭಾವ" ಅಂದ, ತಾನೇ ಕಂಡುಹಿಡಿದ ಹಾಗೆ.

ಮಾಮಾ ಅಷ್ಟು ಹೊತ್ತು ಸುಮ್ಮನಿದ್ದವರು ಯಲ್ಲಾಪುರದಲ್ಲಿ ಚಹಾ ಕುಡಿಯುವಾಗ ಬಾಯಿ ಬಿಟ್ಟರು. "ಅಳ್ಯಾ, ಇಷ್ಟ ಹಗರ ಎಳೀತೈತಿ ಅಂದಮ್ಯಾಲ ಇನ್ನೂ ನಾಕೈದು ಚೀಲ ಜಾಸ್ತಿ ಹಾಕಬಹುದಲ್ಲ?" ಇದೊಂದು ಮಾತು ಬರುತ್ತದೆ ಅಂತ ನನಗೆ ಗೊತ್ತಿತ್ತು. ಇಂಜಿನ್ ಎಳೆಯುತ್ತದೆ, ಸರಿ. ಭಾರ ಹೊರುವ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿಗಳು, ಅದೇ ಹಳೆಯವು. ಬ್ರೇಕ್ ಡ್ರಮ್ಮಿನಲ್ಲಿ ಏಣು ಬಿದ್ದಿದೆ. ಘಟ್ಟ ಇಳಿಯುವಾಗ ಇಂಜಿನ್ ಎಷ್ಟೇ ಅಶ್ವಶಕ್ತಿಯದ್ದಿರಲಿ, ಮೂರು ಟನ್ನನ್ನು ಹಿಡಿದು ನಿಲ್ಲಿಸೋದು ಆ ಡ್ರಮ್ಮು ಮತ್ತು ಡ್ರೈವರಿನ ಬುದ್ಧಿ. ಹತ್ತುವಾಗಿನ ಗೇರಿನಲ್ಲೇ ಇಳೀಬೇಕು ಅನ್ನೋ ಹಳೆಯ ಡ್ರೈವರುಗಳ ಮಾತನ್ನು ಗಾಡಿ ಮೊದಲು ಹತ್ತುತ್ತಿದ್ದ ಎರಡನೇ ಗೇರಿನ ಲೆಕ್ಕಕ್ಕೇ ಹಿಡಿಯಬೇಕು. ಗಾಡಿ ಈಗ ಮೂರರಲ್ಲೇ ಹತ್ತುತ್ತದೆ ಅಂತ ಮೂರರಲ್ಲೇ ಇಳಿಯೋಕೆ ಹೋದರೆ ಅಪಾಯ.

ಇದನ್ನು ಹೇಳಿದೆ. ಮಾಮಾ ಕೇಳಿಸಿಕೊಂಡರು, ಚೀಲದ ಮಾತು ಮತ್ತೆ ಎತ್ತಲಿಲ್ಲ, ಬಿಟ್ಟರು ಅಂತಲೂ ಹೇಳಲಿಲ್ಲ. ಹುಡುಗ ಈಗ ಇಂಟರ್‌ಕೂಲರ್ ಬೇಕು ಅಂತಿದ್ದಾನೆ. ಟರ್ಬೊದಿಂದ ಬರುವ ಗಾಳಿ ತಣ್ಣಗಾದರೆ ಮೀಟರಿನ ಮುಳ್ಳು ಇಳಿಯುತ್ತದೆ ಅನ್ನೋದು ಅವನ ವಾದ, ಅದು ತಪ್ಪಲ್ಲ. ನಾನು ಮೊದಲು ಡ್ರಮ್ ಟರ್ನಿಂಗ್, ಹೊಸ ಬ್ರೇಕ್ ಲೈನರ್ ಅಂದಿದ್ದೇನೆ. ಮೆಣಸಿನಕಾಯಿ ಹಂಗಾಮು ಶುರುವಾಗುವ ಮುಂಚೆ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಬಿಚ್ಚುತ್ತೇನೆ ಅಂದಿದ್ದಾರೆ ಮಾಮಾ. ಯಾವುದಕ್ಕೆ ಅಂತ ಇನ್ನೂ ಹೇಳಿಲ್ಲ.